ಒಂದು ಗಂಟೆಯ ದಾರಿ

ಬೆಂಗಳೂರಿನಿಂದ ಮಂಗಳೂರಿಗೆ ಎಷ್ಟು ದೂರ? ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿದರೆ, ಭೂಪಟದ ಪುಸ್ತಕವನ್ನು ಬಲ್ಲ ಹುಡುಗನೊಬ್ಬ ಎದ್ದು ನಿಂತು ‘ಸುಮಾರು 300 ಕಿಲೋಮೀಟರು’ ಎನ್ನುತ್ತಾನೆ. ಬಸ್ಸಿನಲ್ಲಿ ಕಿಟಕಿಯ ಬಳಿ ಕುಳಿತು ಹೆದ್ದಾರಿಯ ಬದಿಯ ಕಲ್ಲುಗಳನ್ನು ಓದಿಕೊಂಡು ಹೋದ ಹುಡುಗಿ ‘ಅಲ್ಲ, 350’ ಎನ್ನುತ್ತಾಳೆ. ಮೂರನೆಯವನು ಕಿಲೋಮೀಟರಿನ ಗೊಡವೆಗೇ ಹೋಗದೆ ‘ವಿಮಾನದಲ್ಲಿ ಒಂದು ಗಂಟೆ’ ಎಂದುಬಿಡುತ್ತಾನೆ. ಮೂವರ ಉತ್ತರವೂ ಸುಳ್ಳಲ್ಲ. ಆದರೂ ಮೂರನೆಯ ಉತ್ತರವನ್ನು ನಂಬಿ ನಾನೊಮ್ಮೆ ಮೋಸಹೋದೆ. ಯಾರೂ ನನ್ನನ್ನು ಮೋಸಗೊಳಿಸಲಿಲ್ಲ. ಲೆಕ್ಕ ಹಾಕಲು ಬಾರದೆ ನಾನೇ ಮೋಸಹೋದೆ. ಆ ಲೆಕ್ಕವನ್ನು ನಿಮ್ಮೆದುರಿಗೆ ಬಿಡಿಸಿ ಇಡಬೇಕೆಂಬುದು ನನ್ನ ಉದ್ದೇಶ.

ಮೊದಲನೆಯ ಉತ್ತರವನ್ನು ನೀವೇ ಪರೀಕ್ಷಿಸಿ ನೋಡಬಹುದು. ಎರಡು ನಗರಗಳೂ ಹೆಚ್ಚು ಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದ ಮೇಲೆಯೇ ಇವೆ. ಬೆಂಗಳೂರು ಸುಮಾರು ಎಪ್ಪತ್ತೇಳೂವರೆ ಡಿಗ್ರಿ ಪೂರ್ವ ರೇಖಾಂಶದ ಹತ್ತಿರ. ಮಂಗಳೂರು ಎಪ್ಪತ್ತೈದಕ್ಕೆ ತುಸು ಕಡಿಮೆ. ಇವುಗಳ ನಡುವಣ ಅಂತರ ಎರಡೂಮುಕ್ಕಾಲು ಡಿಗ್ರಿ. ಭೂಮಧ್ಯರೇಖೆಯ ಮೇಲೆ ಒಂದು ಡಿಗ್ರಿ ರೇಖಾಂಶವೆಂದರೆ 111 ಕಿಲೋಮೀಟರು. ಉತ್ತರಕ್ಕೆ ಸರಿದಂತೆಲ್ಲ ಈ ರೇಖೆಗಳು ಒಂದಕ್ಕೊಂದು ಹತ್ತಿರವಾಗುವುದರಿಂದ ನಮ್ಮ ಅಕ್ಷಾಂಶದಲ್ಲಿ ಅದು ಸುಮಾರು 108ಕ್ಕೆ ಇಳಿಯುತ್ತದೆ. ಗುಣಿಸಿದರೆ 297 ಬರುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಬಜಪೆಯ ವಿಮಾನ ನಿಲ್ದಾಣಕ್ಕೆ ಎಳೆದ ಗೆರೆ ಇನ್ನೂ ಕೊಂಚ ಉದ್ದ, 305ರ ಆಸುಪಾಸು. ಗಂಟೆಗೆ 800 ಕಿಲೋಮೀಟರು ವೇಗದಲ್ಲಿ ಹಾರಬಲ್ಲ ಜೆಟ್ ವಿಮಾನಕ್ಕೆ ಇದು ಇಪ್ಪತ್ತಮೂರು ನಿಮಿಷದ ಕೆಲಸ. ಹಾಗಾದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆಯೆಂದೋ ಒಂದು ಗಂಟೆ ಹತ್ತು ನಿಮಿಷವೆಂದೋ ಏಕೆ ಬರೆದಿರುತ್ತಾರೆ? ಈ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಇಟ್ಟುಕೊಂಡಿರೋಣ.

ನಮ್ಮ ಹಿರಿಯರು ದೂರವನ್ನು ಅಳೆಯುತ್ತಿದ್ದ ಬಗೆಯೇ ಬೇರೆ. ಹರದಾರಿ, ಗಾವುದ ಎಂಬ ಅಳತೆಗಳು ಇದ್ದವು. ಹರದಾರಿಯೆಂದರೆ ಸುಮಾರು ಮೂರು ಮೈಲಿ. ಆದರೆ ನಿತ್ಯದ ಮಾತಿನಲ್ಲಿ ಅವರು ಹೆಚ್ಚಾಗಿ ಬಳಸುತ್ತಿದ್ದುದು ಮನುಷ್ಯನ ದೇಹವನ್ನೇ ಆಧಾರವಾಗಿ ಇಟ್ಟುಕೊಂಡ ಮಾತುಗಳನ್ನು. ಪಕ್ಕದ ಮನೆ ‘ಕೂಗಳತೆ’ಯಲ್ಲಿತ್ತು, ಸಂತೆಯ ಊರು ‘ಅರ್ಧ ದಿನದ ದಾರಿ’ಯಾಗಿತ್ತು. ಕೂಗಿದರೆ ಕೇಳಿಸುತ್ತದೆಯೆ, ಹೊತ್ತು ಮುಳುಗುವುದರೊಳಗೆ ಹಿಂದಿರುಗಬಹುದೆ ಎಂಬುದೇ ಅವರಿಗೆ ಮುಖ್ಯ. ಈ ಅಳತೆ ಒರಟಾದುದೆಂದು ನಾವು ನಗಬಹುದು. ಆದರೆ ಅದರಲ್ಲಿ ಒಂದು ಪ್ರಾಮಾಣಿಕತೆ ಇತ್ತು: ಹೊರಟವನ ಮನೆಯ ಹೊಸಿಲಿನಿಂದ ಸೇರಬೇಕಾದವರ ಮನೆಯ ಹೊಸಿಲಿನವರೆಗೆ ಅದು ಅಳೆಯುತ್ತಿತ್ತು. ನಡುವಿನ ಒಂದು ತುಂಡನ್ನು ಮಾತ್ರ ಕತ್ತರಿಸಿ ತೋರಿಸಿ ‘ಇಷ್ಟೇ ದಾರಿ’ ಎನ್ನುತ್ತಿರಲಿಲ್ಲ.

ಈಗ ನನ್ನ ಕತೆಗೆ ಬರುತ್ತೇನೆ. ನಮ್ಮ ಮೂಲ ಮನೆ ಇರುವುದು ಉಪ್ಪಿನಂಗಡಿಯ ಹತ್ತಿರ, ನೇತ್ರಾವತಿಯೂ ಕುಮಾರಧಾರೆಯೂ ಕೂಡುವ ಕಡೆ. ಅಲ್ಲಿ ನಮ್ಮನ್ನು ಸಾಕಿ ಬೆಳೆಸಿದ ದೊಡ್ಡಮ್ಮನಿದ್ದರು. 2016ರ ಡಿಸೆಂಬರಿನ ಒಂದು ರಾತ್ರಿ ಒಂಬತ್ತು ಗಂಟೆಗೆ, ಅವರ ಸ್ಥಿತಿ ಚೆನ್ನಾಗಿಲ್ಲವೆಂದು ಊರಿನಿಂದ ದೂರವಾಣಿ ಕರೆ ಬಂತು. ನಾನು ಮತ್ತು ನನ್ನ ತಮ್ಮ ಬೆಂಗಳೂರಿನ ಬಸವನಗುಡಿಯಲ್ಲಿದ್ದೆವು. ನಾನು ಕೂಡಲೇ ಮರುದಿನ ಬೆಳಿಗ್ಗೆ ಏಳು ಗಂಟೆಯ ವಿಮಾನಕ್ಕೆ ಟಿಕೇಟು ಗೊತ್ತುಮಾಡಿದೆ. ‘ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗುವುದೇಕೆ? ಬೆಳಿಗ್ಗೆ ಒಂದು ಗಂಟೆಯ ದಾರಿ’ ಎಂದೆ. ತಮ್ಮ ಒಪ್ಪಲಿಲ್ಲ. ‘ಅಣ್ಣಾ, ನೀನು ಬೆಳಿಗ್ಗೆ ಬಾ. ನಾನು ಈಗಲೇ ಹೊರಡುತ್ತೇನೆ’ ಎಂದವನೇ ಒಂದು ಪಂಚೆ, ಒಂದು ಹೊದಿಕೆ ಹಿಡಿದುಕೊಂಡು ಬಸ್ ನಿಲ್ದಾಣಕ್ಕೆ ಹೋದ. ಹತ್ತೂಕಾಲಿನ ಬಸ್ಸು ಸಿಕ್ಕಿತು. ಅವನ ಅವಸರವನ್ನು ಕಂಡು ನನಗೆ ಒಳಗೊಳಗೇ ನಗು ಬಂದಿತ್ತೆಂಬುದನ್ನೂ ಮುಚ್ಚಿಡುವುದಿಲ್ಲ.

ನಾನು ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಟ್ಟೆ. ವಿಮಾನ ನಿಲ್ದಾಣ ಊರಿನ ಉತ್ತರಕ್ಕೆ ಬಹು ದೂರ. ನಗರದ ದಕ್ಷಿಣ ಭಾಗದಲ್ಲಿರುವವನಿಗೆ ಖಾಲಿ ರಸ್ತೆಯಲ್ಲಿಯೂ ಒಂದು ಗಂಟೆ ಬೇಕು. ಅಲ್ಲಿ ಸಾಲು, ಗುರುತಿನ ಚೀಟಿ, ಭದ್ರತಾ ತಪಾಸಣೆ, ಮತ್ತೆ ಸಾಲು. ಆರೂವರೆಗೆ ವಿಮಾನದೊಳಗೆ ಕುಳಿತುದಾಯಿತು. ಕಿಟಕಿಯಾಚೆ ನೋಡಿದರೆ ರೆಕ್ಕೆಯ ತುದಿಯೇ ಕಾಣದಷ್ಟು ಮಂಜು. ದೇವನಹಳ್ಳಿಯ ಬಯಲಿನಲ್ಲಿ ಚಳಿಗಾಲದ ಮುಂಜಾನೆ ಇದೇನೂ ಅಪೂರ್ವವಲ್ಲ. ವಿಮಾನ ನೆಲ ಬಿಟ್ಟಾಗ ಒಂಬತ್ತೂಕಾಲು. ಹತ್ತೂಕಾಲಿಗೆ ಬಜಪೆಯಲ್ಲಿ ಇಳಿಯಿತು. ಅಲ್ಲಿಂದ ಬಾಡಿಗೆಯ ಕಾರು ಹಿಡಿದು, ಬಂದ ದಿಕ್ಕಿಗೇ ಮುಖ ಮಾಡಿ, ಪೂರ್ವಕ್ಕೆ ಮರಳಿ ಸುಮಾರು 60 ಕಿಲೋಮೀಟರು ಹೋಗಬೇಕಾಯಿತು. ಬೆಂಗಳೂರಿನಿಂದ ಹೋಗುವವನಿಗೆ ಉಪ್ಪಿನಂಗಡಿ ಮಂಗಳೂರಿಗಿಂತ ಮೊದಲೇ ಸಿಗುವ ಊರು. ಬಸ್ಸು ನಿಲ್ಲುತ್ತದೆ, ವಿಮಾನ ನಿಲ್ಲುವುದಿಲ್ಲ. ನಾನು ಮನೆಯ ಅಂಗಳಕ್ಕೆ ಕಾಲಿಟ್ಟಾಗ ಹನ್ನೆರಡೂವರೆ.

ತಮ್ಮ ಬೆಳಿಗ್ಗೆ ಐದೂವರೆಗೇ ತಲುಪಿದ್ದ. ದೊಡ್ಡಮ್ಮನಿಗೆ ಎಚ್ಚರವಿತ್ತು. ಅವನ ಕೈಯಿಂದ ಎರಡು ಚಮಚ ಗಂಜಿಯ ತಿಳಿ ಕುಡಿದು, ‘ದೊಡ್ಡವನು ಎಲ್ಲಿ?’ ಎಂದು ಕೇಳಿದರಂತೆ. ‘ವಿಮಾನದಲ್ಲಿ ಬರುತ್ತಿದ್ದಾನೆ’ ಎಂದು ಇವನು ಹೇಳಿದ. ‘ಹಾಗಾದರೆ ಈಗ ಬಂದುಬಿಡುತ್ತಾನೆ’ ಎಂದರಂತೆ. ಒಂಬತ್ತೂವರೆಗೆ ಅವರು ತೀರಿಕೊಂಡರು. ನಾನಾಗ ಆಕಾಶದಲ್ಲಿದ್ದೆ.

ಮಂಜನ್ನು ನಾನು ದೂರುವುದಿಲ್ಲ. ಮಂಜು ಕವಿದಿರುವಾಗ ವಿಮಾನ ಏರದಿರುವುದೂ ಇಳಿಯದಿರುವುದೂ ವಿವೇಕವೇ. ಬಜಪೆಯ ನಿಲ್ದಾಣವಂತೂ ಗುಡ್ಡದ ತಲೆಯನ್ನು ಮಟ್ಟಸ ಮಾಡಿ ಕಟ್ಟಿದ್ದು. ರನ್‌ವೇಯ ತುದಿಯಾಚೆಗೆ ಕಮರಿ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವೊಂದು ಅಲ್ಲಿ ಇಳಿಯುವಾಗ ರನ್‌ವೇ ಮೀರಿ ಹೋಗಿ 158 ಮಂದಿ ಮಡಿದುದನ್ನು ಕರಾವಳಿಯ ಜನ ಮರೆತಿಲ್ಲ. ಆಕಾಶದಲ್ಲಿ ಅವಸರ ಸಲ್ಲದು. ನಾನು ಹೇಳುವುದು ಇಷ್ಟೆ: ಆ ದಿನ ಮಂಜೇ ಇಲ್ಲದಿದ್ದರೂ, ವಿಮಾನ ಏಳಕ್ಕೆ ಸರಿಯಾಗಿ ಹೊರಟಿದ್ದರೂ, ನಾನು ಮನೆ ಸೇರುವಾಗ ಹತ್ತೂಕಾಲು ಆಗಿಯೇ ಆಗುತ್ತಿತ್ತು. ತಪ್ಪಿದುದು ಹವಾಮಾನದಲ್ಲಿ ಅಲ್ಲ, ಹಿಂದಿನ ರಾತ್ರಿ ನಾನು ಹಾಕಿದ ಲೆಕ್ಕದಲ್ಲಿ.

ಪಕ್ಕಕ್ಕೆ ಇಟ್ಟ ಪ್ರಶ್ನೆಯನ್ನು ಈಗ ಎತ್ತಿಕೊಳ್ಳಬಹುದು. ವೇಳಾಪಟ್ಟಿಯ ಒಂದು ಗಂಟೆಯೆಂದರೆ ಹಾರುವ ಸಮಯ ಮಾತ್ರವಲ್ಲ. ವಿಮಾನ ತಾನು ನಿಂತಿದ್ದ ಜಾಗದಿಂದ ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲುವವರೆಗಿನ ಸಮಯ. ಅದು ನೆಲದ ಮೇಲೆ ತೆವಳುತ್ತ ರನ್‌ವೇಗೆ ಹೋಗಬೇಕು, ಸರದಿ ಕಾಯಬೇಕು, ಏರಬೇಕು, ದಿಕ್ಕು ತಿರುಗಿಸಬೇಕು. ಪೂರ್ಣ ವೇಗ ಸಿಕ್ಕಿತೆನ್ನುವಷ್ಟರಲ್ಲಿ ಇಳಿಯುವ ಸಿದ್ಧತೆ ಮೊದಲಾಗುತ್ತದೆ. ಇಳಿದ ಮೇಲೆ ಮತ್ತೆ ತೆವಳಬೇಕು. ಹೀಗಾಗಿ 800 ಕಿಲೋಮೀಟರು ವೇಗವೆಂಬುದು ಈ ಚಿಕ್ಕ ಪಯಣದಲ್ಲಿ ಕೆಲವೇ ನಿಮಿಷಗಳ ವೈಭವ. 305 ಕಿಲೋಮೀಟರನ್ನು ವೇಳಾಪಟ್ಟಿಯ ಸಮಯದಿಂದ ಭಾಗಿಸಿದರೆ ಸರಾಸರಿ ವೇಗ 300ರ ಆಚೆ ಈಚೆ ಬರುತ್ತದೆ. ಇದು ವಿಮಾನದ ವೇಗ. ಪ್ರಯಾಣಿಕನ ವೇಗ ಬೇರೆ. ನನ್ನ ಬಸವನಗುಡಿಯ ಮನೆಗೂ ಉಪ್ಪಿನಂಗಡಿಗೂ ನೇರ ದೂರ ಸುಮಾರು 250 ಕಿಲೋಮೀಟರು. ಮಂಜಿಲ್ಲದ ದಿನ ಆರೂಕಾಲು ಗಂಟೆ ಹಿಡಿಯುತ್ತಿತ್ತೆಂದರೆ, ನನ್ನ ವೇಗ ಗಂಟೆಗೆ 40. ಆ ದಿನ ನಿಜವಾಗಿ ಹಿಡಿದುದು ಎಂಟೂವರೆ ಗಂಟೆ. ವೇಗ 30ಕ್ಕಿಂತಲೂ ಕಡಿಮೆ. ಘಟ್ಟದ ತಿರುವುಗಳಲ್ಲಿ ಕುಲುಕಿಸಿಕೊಂಡು ಹೋದ ತಮ್ಮನದು ಅದೇ ಲೆಕ್ಕದಲ್ಲಿ 34.

ಇಷ್ಟರಿಂದ ವಿಮಾನವನ್ನೇ ಹಳಿಯಹೊರಟರೆ ಅದು ಇನ್ನೊಂದು ತಪ್ಪು. ಬೆಂಗಳೂರಿನಿಂದ ದೆಹಲಿಯ ಕಡೆಗೆ ನೋಡಿ. ಆಕಾಶಮಾರ್ಗದಲ್ಲಿ ಸುಮಾರು 1,740 ಕಿಲೋಮೀಟರು. ವಿಮಾನಕ್ಕೆ ಹೆಚ್ಚೂ ಕಡಿಮೆ ಎರಡೂಮುಕ್ಕಾಲು ಗಂಟೆ. ರೈಲಿನ ಹಳಿಯ ಮೇಲಾದರೆ 2,300 ಕಿಲೋಮೀಟರಿಗೂ ಹೆಚ್ಚು. ವೇಗದ ರೈಲಿಗೂ ಮೂವತ್ತು ಗಂಟೆ ಮೀರುತ್ತದೆ. ಮನೆಯಿಂದ ನಿಲ್ದಾಣಕ್ಕೆ, ಸಾಲಿನಿಂದ ಸಾಲಿಗೆ ಕಳೆಯುವ ಮೂರು ನಾಲ್ಕು ಗಂಟೆ ದೆಹಲಿಯ ಪ್ರಯಾಣಿಕನಿಗೂ ತಪ್ಪಿದ್ದಲ್ಲ. ಆದರೆ ಅದನ್ನು ಸೇರಿಸಿದರೂ ಅವನಿಗೆ ಒಂದು ಹಗಲು ಒಂದು ರಾತ್ರಿ ಉಳಿಯುತ್ತದೆ. ಕಾಯುವ ಹೊತ್ತು ದೂರಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುವುದಿಲ್ಲ. 300 ಕಿಲೋಮೀಟರಿಗೂ ಅಷ್ಟೇ, 1,700 ಕಿಲೋಮೀಟರಿಗೂ ಅಷ್ಟೇ. ಆದುದರಿಂದಲೇ ದೂರ ಹೆಚ್ಚಿದಷ್ಟೂ ವಿಮಾನದ ಉಪಕಾರ ಹೆಚ್ಚು. ಹತ್ತಿರದ ಊರಿಗೆ ಅದರ ವೇಗ ಬಹುಪಾಲು ಕಾಗದದ ಮೇಲೆಯೇ ಉಳಿಯುತ್ತದೆ. ಈ ಸಣ್ಣ ಮಾತು ಜಾಹೀರಾತುಗಳಲ್ಲಿ ಬರುವುದಿಲ್ಲ.

ಇನ್ನೂ ಒಂದು ವಿಚಿತ್ರವಿದೆ. ಎರಡು ಊರುಗಳ ನಡುವಣ ದೂರ ಸ್ಥಿರವಾದುದೆಂದು ನಾವು ತಿಳಿದಿದ್ದೇವೆ, ಭೂಮಿ ಕದಲುವುದಿಲ್ಲವಲ್ಲ! ಆದರೆ ಪ್ರಯಾಣಿಕನ ಪಾಲಿಗೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಮಂಗಳೂರಿಗೆ ರೈಲು ಬಂದುದು 1907ರಲ್ಲಿ, ಅದೂ ಮಲಬಾರಿನ ಕಡೆಯಿಂದ. ಅಂದಿನಿಂದ ಏಳು ದಶಕಗಳ ಕಾಲ ಮಂಗಳೂರಿನವನು ರೈಲಿನಲ್ಲಿಯೇ ಬೆಂಗಳೂರಿಗೆ ಬರುತ್ತೇನೆಂದರೆ, ಕೇರಳಕ್ಕೆ ಇಳಿದು, ಪಾಲಕ್ಕಾಡಿನ ಕಣಿವೆಯನ್ನು ದಾಟಿ, ತಮಿಳುನಾಡನ್ನು ಹಾದು ಬರಬೇಕಾಗಿತ್ತು. ನೇರ ದೂರದ ಎರಡರಷ್ಟಕ್ಕೂ ಮೀರಿದ ಸುತ್ತು ಅದು. 1979ರಲ್ಲಿ ಹಾಸನ–ಮಂಗಳೂರು ಮಾರ್ಗ ತೆರೆಯಿತು. ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರಸ್ತೆ ನಿಲ್ದಾಣಕ್ಕೂ ನಡುವೆ ಇರುವುದು 55 ಕಿಲೋಮೀಟರು ಹಳಿ. ಅಷ್ಟರಲ್ಲಿ 57 ಸುರಂಗಗಳು. 50 ಅಡಿ ಮುಂದೆ ಸಾಗಿದರೆ ಒಂದು ಅಡಿ ಇಳಿಯುವ ಇಳಿಜಾರು. ಎಂಥ ಬಲಶಾಲಿ ಎಂಜಿನ್ ಆದರೂ ಇಲ್ಲಿ ಎತ್ತಿನ ಬಂಡಿಯ ವಿನಯವನ್ನು ಕಲಿಯಬೇಕು. ಆದರೂ ಆ ಹಳಿಯಿಂದ ಕರಾವಳಿ ರಾಜಧಾನಿಗೆ ಎಷ್ಟೋ ಹತ್ತಿರವಾಯಿತು. 1996ರಲ್ಲಿ ಹಳಿಯನ್ನು ಅಗಲಗೊಳಿಸುವ ಸಲುವಾಗಿ ಘಟ್ಟದ ರೈಲನ್ನು ನಿಲ್ಲಿಸಿದರು; ಊರುಗಳು ಮತ್ತೆ ದೂರವಾದವು. ಪ್ರಯಾಣಿಕರ ರೈಲು ಮರಳಿ ಬಂದುದು 2007ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಒಂದು ತಲೆಮಾರಿನ ಮಕ್ಕಳು ಶಾಲೆಗೆ ಸೇರಿ, ಶಾಲೆ ಮುಗಿಸಿ ಹೊರಬಂದಿದ್ದರು.

ಆಕಾಶದ ದಾರಿಯೂ ಇದಕ್ಕೆ ಹೊರತಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಊರೊಳಗಿನ ಎಚ್.ಎ.ಎಲ್. ಬಯಲಿನಿಂದ ದೇವನಹಳ್ಳಿಗೆ ಹೋಯಿತು. ಹೊಸ ನಿಲ್ದಾಣ ಬೇಕಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಹಳೆಯದು ಕಿಕ್ಕಿರಿದು ಹೋಗಿತ್ತು. ಆದರೆ ವಿಮಾನದ ಎಂಜಿನ್ ಒಂದಿಷ್ಟೂ ನಿಧಾನವಾಗದೆ, ಭೂಪಟದಲ್ಲಿ ಒಂದು ಗೆರೆಯೂ ಸರಿಯದೆ, ನಗರದ ದಕ್ಷಿಣದಲ್ಲಿರುವ ಸಾವಿರಾರು ಮನೆಗಳಿಂದ ಮಂಗಳೂರು ಒಂದೇ ರಾತ್ರಿಯಲ್ಲಿ ದೂರಕ್ಕೆ ಸರಿದುಹೋಯಿತು. ವೇಳಾಪಟ್ಟಿಯಲ್ಲಿ ಮಾತ್ರ ಅದೇ ಒಂದು ಗಂಟೆ.

ಮಳೆಗಾಲ ಬಂತೆಂದರೆ ಈ ಹಿಗ್ಗುವಿಕೆಯನ್ನು ಕಣ್ಣಾರೆ ಕಾಣಬಹುದು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಶಿರಾಡಿ ಘಾಟಿಯ ರಸ್ತೆಯೂ ರೈಲುಮಾರ್ಗವೂ ಒಟ್ಟಿಗೆ ಕೆಟ್ಟವು. 2024ರ ಜುಲೈ ಕೊನೆಯಲ್ಲಿ ಯಡಕುಮೇರಿಯ ಬಳಿ ಹಳಿಯ ಕೆಳಗಿನ ಮಣ್ಣು ಜಾರಿ ರೈಲುಗಳು ನಿಂತುಹೋದವು. ಅಂಥ ದಿನಗಳಲ್ಲಿಯೂ ಮೋಡದ ಮೇಲೆ ವಿಮಾನ ಹಾರುತ್ತಲೇ ಇರುತ್ತದೆ. ಅದರಲ್ಲಿ ಕುಳಿತವನಿಗೆ ಮಂಗಳೂರು ಎಂದಿನಂತೆ ಒಂದು ಗಂಟೆಯ ದಾರಿ. ಕೆಳಗೆ ಹಾಸನದ ನಿಲ್ದಾಣದಲ್ಲಿ ಗಂಟುಮೂಟೆ ಹಿಡಿದು ಕುಳಿತ ಕೂಲಿಯವನಿಗೆ, ಪರೀಕ್ಷೆಗೆ ಹೊರಟ ವಿದ್ಯಾರ್ಥಿನಿಗೆ, ಆಸ್ಪತ್ರೆಯ ಚೀಟಿ ಹಿಡಿದ ಮುದುಕನಿಗೆ ಅದು ಎಷ್ಟು ದೂರವೆಂದು ಯಾರೂ ಹೇಳಲಾರರು. ಎರಡೂ ಒಂದೇ ರಾಜ್ಯದ ಒಂದೇ ದಿನದ ಸಂಗತಿಗಳು.

ನನ್ನ ತಕರಾರು ಇಲ್ಲಿಯೇ ಇರುವುದು. ಒಂದು ನಾಡಿನ ಊರುಗಳು ಒಂದಕ್ಕೊಂದು ಎಷ್ಟು ಹತ್ತಿರವಾಗಿವೆಯೆಂಬುದನ್ನು ನಾವು ಅತಿ ವೇಗದ ಪ್ರಯಾಣದಿಂದ ಅಳೆಯುತ್ತಿದ್ದೇವೆ. ಹೊಸ ವಿಮಾನವೊಂದು ಹಾರಿದ ದಿನ ‘ಇನ್ನು ಮುಂದೆ ಈ ಊರು ಒಂದೇ ಗಂಟೆ’ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗುತ್ತದೆ. ಅಳೆಯಬೇಕಾದುದು ಬಹುಜನರ ಪ್ರಯಾಣವನ್ನು, ಅದರಲ್ಲಿಯೂ ಕೆಟ್ಟ ದಿನದ ಪ್ರಯಾಣವನ್ನು: ಜುಲೈ ತಿಂಗಳ ಮಳೆಯಲ್ಲಿ, ರಾತ್ರಿ ಹತ್ತರ ಮೇಲೆ, ಕೈಯಲ್ಲಿ ಬಸ್ಸಿನ ಚಾರ್ಜಿನಷ್ಟೇ ಹಣವಿರುವವನು ಎಷ್ಟು ಹೊತ್ತಿಗೆ ತಲುಪಬಲ್ಲ? ಆ ಅಂಕಿಯನ್ನು ಇಳಿಸುವುದು ಹೊಸ ನಿಲ್ದಾಣವನ್ನು ತೆರೆಯುವಷ್ಟು ಸಡಗರದ ಕೆಲಸವಲ್ಲ. ಗುಡ್ಡದ ನೀರು ಹರಿದುಹೋಗಲು ಚರಂಡಿ ಬಿಡಿಸಿಡುವುದು, ರಸ್ತೆಗಾಗಿ ಗುಡ್ಡದ ಬುಡವನ್ನು ನೆಟ್ಟಗೆ ಕಡಿಯದೆ ಇಳಿಜಾರು ಉಳಿಸುವುದು, ಹಳಿಯನ್ನು ಕಾಯುವ ಕಾರ್ಮಿಕರ ಸಂಖ್ಯೆಯನ್ನು ಮಳೆಗಾಲದಲ್ಲಿ ಕಡಿಮೆ ಮಾಡದಿರುವುದು ಇವೆಲ್ಲ ಹೆಸರು ತರದ ಕೆಲಸಗಳು. ಘಟ್ಟವನ್ನೇ ಕೊರೆದು ದೂರವನ್ನು ಇಲ್ಲವಾಗಿಸಿಬಿಡೋಣ ಎನ್ನುವವರೂ ಇದ್ದಾರೆ. ಅವರ ಆತುರ ನನಗೆ ಅರ್ಥವಾಗುತ್ತದೆ. ಆದರೆ ಕಡಿದಷ್ಟೂ ಸಡಿಲವಾಗುವ ಮಣ್ಣು ಅದು ಎಂಬುದನ್ನು ಪ್ರತಿ ಮಳೆಗಾಲವೂ ತೋರಿಸುತ್ತಿದೆ.

ದೂರವನ್ನು ಕುಗ್ಗಿಸಲು ಯಾವಾಗಲೂ ಯಂತ್ರವೇ ಬೇಕೆಂದೂ ಇಲ್ಲ. 2020ರ ಫೆಬ್ರವರಿಯಲ್ಲಿ ನಲವತ್ತು ದಿನದ ಹಸುಳೆಯೊಂದನ್ನು ಹೃದಯದ ಶಸ್ತ್ರಚಿಕಿತ್ಸೆಗಾಗಿ ಮಂಗಳೂರಿನಿಂದ ಬೆಂಗಳೂರಿಗೆ ತರಬೇಕಾಯಿತು. ಆಂಬುಲೆನ್ಸು ಇದೇ ಘಟ್ಟದ ದಾರಿಯಲ್ಲಿಯೇ ಬಂತು. ಸುದ್ದಿ ಮುಂದೆ ಮುಂದೆ ಹೋಯಿತು. ಊರೂರಿನಲ್ಲಿ ಪೊಲೀಸರೂ ಜನರೂ ರಸ್ತೆಗೆ ಬಂದು ವಾಹನಗಳನ್ನು ಬದಿಗೆ ನಿಲ್ಲಿಸಿ ದಾರಿ ಬಿಡಿಸಿದರು. ಬಸ್ಸು ಏಳೆಂಟು ಗಂಟೆ ತೆಗೆದುಕೊಳ್ಳುವ ಹಾದಿಯನ್ನು ಅದು ನಾಲ್ಕೂವರೆ ಗಂಟೆಯ ಆಸುಪಾಸಿನಲ್ಲಿ ಕ್ರಮಿಸಿತು. ಅಂದು ರಸ್ತೆ ಅಗಲವಾಗಿರಲಿಲ್ಲ, ತಿರುವುಗಳು ನೇರವಾಗಿರಲಿಲ್ಲ. ದಿನವೂ ಹೀಗೆ ಮಾಡಲಾಗದೆಂಬುದೂ ನಿಜ. ಒಂದು ಮಗುವಿಗಾಗಿ ನಿಂತಂತೆ ಪ್ರತಿಯೊಬ್ಬ ರೋಗಿಗಾಗಿ ಇಡೀ ಹೆದ್ದಾರಿ ನಿಲ್ಲಲಾರದು. ಅಂಥ ರೋಗಿಗಳಿಗೆ ತಮ್ಮ ಜಿಲ್ಲೆಯಲ್ಲಿಯೇ ಚಿಕಿತ್ಸೆ ಸಿಕ್ಕರೆ ಬೆಂಗಳೂರು ಎಷ್ಟು ದೂರವಿದ್ದರೇನು?

ದೊಡ್ಡಮ್ಮ ಹೋದ ಮೇಲೆ ಊರಿಗೆ ಹೋಗುವುದು ಕಡಿಮೆಯಾಗಿದೆ. ಹೋದಾಗಲೆಲ್ಲ ಬಸ್ಸಿನಲ್ಲಿಯೇ ಹೋಗುತ್ತೇನೆ. ಒಂದು ಮಳೆಗಾಲದಲ್ಲಿ ಹಿಂದಿರುಗುವಾಗ, ಘಟ್ಟದ ಬುಡದ ಗುಂಡ್ಯದಲ್ಲಿ ಬಸ್ಸು ಕಾಫಿಗೆ ನಿಂತಿತು. ಅಲ್ಲಿಯ ಹೋಟೆಲಿನ ಯಜಮಾನರನ್ನು ‘ಇಲ್ಲಿಂದ ಬೆಂಗಳೂರಿಗೆ ಎಷ್ಟಾಗುತ್ತದೆ?’ ಎಂದು ಕೇಳಿದೆ. ಎದುರಿಗೇ ಕಿಲೋಮೀಟರಿನ ಕಲ್ಲು ಇತ್ತು. ಅವರು ಅದರ ಕಡೆ ನೋಡಲಿಲ್ಲ. ಮಾಡಿನಂಚಿಗೆ ಬಂದು, ತಲೆಯೆತ್ತಿ ಘಟ್ಟದ ಮೇಲಿನ ಮೋಡವನ್ನು ಒಮ್ಮೆ ದಿಟ್ಟಿಸಿ, ಆಮೇಲೆ ‘ಆರು ಗಂಟೆ ಅಂತ ಇಟ್ಟುಕೊಳ್ಳಿ’ ಎಂದರು.